ಲೈಮಸ್ ಗ್ಯಾಡ್ಸನ್ ಕಲಿತ ಎಂಟು ಹೆಸರು

ಲೈಮಸ್ ಗ್ಯಾಡ್ಸನ್‌ನನ್ನು ತಾಬಿ ಮೊದಲು ಕಂಡದ್ದು ಹತ್ತಿಯ ಉಗ್ರಾಣದಲ್ಲಿ, ಅಮೆರಿಕದ ಅಂತರ್ಯುದ್ಧದ ಎರಡನೇ ವರ್ಷ. ಉತ್ತರದವರ ಹಡಗುಗಳು ಕೊಲ್ಲಿಗೆ ನುಗ್ಗಿದ ದಿನವೇ ಕೆರೊಲಿನಾದ ಆ ದ್ವೀಪದಿಂದ ಧಣಿಗಳೆಲ್ಲ ಓಡಿಹೋಗಿದ್ದರು. ಅವರ ಉಗ್ರಾಣದಲ್ಲೀಗ ಉತ್ತರದಿಂದ ಬಂದ ಟೀಚರಮ್ಮ ಒಬ್ಬಳು ಶಾಲೆ ತೆರೆದಿದ್ದಳು. ಗುಲಾಮರಾಗಿದ್ದಾಗ ಅಕ್ಷರ ಮುಟ್ಟಿದರೆ ಚಾಟಿಯೇಟು ತಿನ್ನುತ್ತಿದ್ದ ಜನ, ಮೊಮ್ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದರು. ತಾಬಿ ಬುಟ್ಟಿ ಹೆಣೆಯುತ್ತಲೇ ಪಾಠ ಕೇಳುತ್ತಿದ್ದಳು. ಅವಳ ಪಕ್ಕಕ್ಕೆ ಬಾಗಿಲಷ್ಟು ಅಗಲ ಎದೆಯ ದೋಣಿಯವ ಲೈಮಸ್ ಬಂದು ಕೂತ. ಬಳಪ ಒತ್ತಿದ, ಮುರಿಯಿತು. ಇನ್ನೊಂದು ತೆಗೆದುಕೊಂಡ, ಅದೂ ಮುರಿಯಿತು.

“ದೋಣಿ ಹುಟ್ಟು ಅಂದ್ಕೊಂಡ್ಯಾ ಅದನ್ನ?” ಎಂದಳು ತಾಬಿ.

“ಹುಟ್ಟಾಗಿದ್ರೆ ಹೇಳಿದ್ ಮಾತು ಕೇಳ್ತಿತ್ತಕ್ಕ. ಇದು ನಮ್ಮನೆಯೋಳ ಥರ.”

ನಾಲ್ಕನೇ ದಿನ ಅವನು ಬರಲಿಲ್ಲ. ನೀಲಿ ಅಂಗಿ ತೊಟ್ಟು ಉತ್ತರದವರ ಸೈನ್ಯ ಸೇರಿದ್ದ. ತಾಬಿಯ ಗಂಡನೂ ಅದೇ ತುಕಡಿಗೆ ಹೋದ. ಗಂಡ ಶಿಬಿರದಲ್ಲೇ ಜ್ವರದಿಂದ ತೀರಿಕೊಂಡ. ಅವನ ಟೋಪಿಯನ್ನು ತಂದುಕೊಟ್ಟವನು ಲೈಮಸ್. ಟೋಪಿ ಚಾಚಿದ ಬಲಗೈಯಲ್ಲಿ ಮೂರೇ ಬೆರಳಿದ್ದವು.

ಯುದ್ಧ ಮುಗಿದು ಮೂರನೇ ವರ್ಷ ಗಂಡಸರಿಗೆ ವೋಟು ಬಂತು. ಆಚೆ ದಡದ ಮತಗಟ್ಟೆಗೆ ದೋಣಿಯಲ್ಲಿ ಹೋಗಬೇಕು. ಗಂಡಸರು ಒಳಗೆ ಹೋದರೆ ಹೆಂಗಸರು ಹೊರಗೆ ನಿಂತು, ಗೋಡೆಗೆ ಒರಗಿಸಿಟ್ಟ ಬಂದೂಕುಗಳನ್ನು ಕಾಯುತ್ತಿದ್ದರು. ಆಗ ಇದ್ದದ್ದು ಒಂದೇ ಮತಪೆಟ್ಟಿಗೆ. ಹೊರಗೆ ಬಂದ ಲೈಮಸ್ ತನ್ನ ಮೂರು ಬೆರಳು ಎತ್ತಿ ತೋರಿಸಿದ. “ಕಳ್ಕೊಂಡ ಎರಡಕ್ಕೆ ಇವತ್ತು ಬೆಲೆ ಬಂತು, ತಾಬಕ್ಕ.”

ಅದಾಗಿ ಹದಿನಾಲ್ಕು ವರ್ಷಕ್ಕೆ ಕಾಲ ತಿರುಗಿತು. ಉತ್ತರದ ಸೈನಿಕರು ಎಂದೋ ಊರಿಗೆ ಮರಳಿದ್ದರು, ಹಳೆಯ ಧಣಿಗಳ ಕಡೆಯವರೇ ಮತ್ತೆ ಅಧಿಕಾರದಲ್ಲಿದ್ದರು. ಹೊಸ ಕಾನೂನು ಬಂತು: ಒಂದೊಂದು ಹುದ್ದೆಗೆ ಒಂದೊಂದು ಪೆಟ್ಟಿಗೆ, ಗವರ್ನರ್‌ಗೆ ಒಂದು, ದೇಶದ ಸಂಸತ್ತಾದ ಕಾಂಗ್ರೆಸ್ಸಿಗೆ ಒಂದು, ಹೀಗೆ ಒಟ್ಟು ಎಂಟು. ಒಂದರ ಚೀಟಿ ಇನ್ನೊಂದರಲ್ಲಿ ಬಿದ್ದರೆ ಎಣಿಕೆಗೆ ಸೇರುವುದಿಲ್ಲ. ಪೆಟ್ಟಿಗೆಯ ಮೇಲೆ ಹುದ್ದೆಯ ಹೆಸರು ಬರೆದಿರುತ್ತದೆ. ಓದು ಬಾರದಿದ್ದರೆ ಅದು ಅವನ ಹಣೆಬರಹ.

ಚುನಾವಣೆಯ ಬೆಳಿಗ್ಗೆ ದ್ವೀಪದ ಪಾದ್ರಿ ಆಚೆ ದಡದಿಂದ ಪೆಟ್ಟಿಗೆಗಳ ಸಾಲು ತಿಳಿದುಕೊಂಡು ಬಂದ. ಮೂವತ್ತೊಂದು ಗಂಡಸರಿಗೆ ಅದು ಬಾಯಿಪಾಠ ಆಗಬೇಕಲ್ಲ? ತಾಬಿ ಕೂತಲ್ಲೇ ಒಂದು ಹಾಡು ಕಟ್ಟಿದಳು. ಆ ದ್ವೀಪದವರಿಗೆ ಹಾಡಿಲ್ಲದೆ ಹುಟ್ಟು ಹಾಕಲು ತೋಳೇ ಏಳುವುದಿಲ್ಲ. ಮುಂದಿನ ದೋಣಿಯಿಂದ ಲೈಮಸ್ ಕೂಗಿ ಕೇಳುವನು, ಮೂರು ದೋಣಿಯವರೂ ಉತ್ತರ ಹಾಡುವರು.

“ಕಿಟಕಿ ಪಕ್ಕ ಯಾರಪ್ಪ?”

“ಗವರ್ನರ್ರಪ್ಪ!”

“ಅವನ ಪಕ್ಕ ಯಾರಪ್ಪ?”

“ಕಾಂಗ್ರೆಸ್ಸಪ್ಪ!”

ಎರಡು ಮೈಲಿ ನೀರಿನುದ್ದಕ್ಕೂ ಹಾಡಿದರು. ದಡ ಮುಟ್ಟುವ ಹೊತ್ತಿಗೆ ಒಬ್ಬರಿಗೂ ಒಂದು ಹೆಸರೂ ತಪ್ಪುತ್ತಿರಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋಗಿ, ಎದೆ ಉಬ್ಬಿಸಿಕೊಂಡು ಹೊರಗೆ ಬಂದರು. ಕೊನೆಗೆ ಹೋದವನು ಪಾದ್ರಿ. ಅವನು ಓದಬಲ್ಲವನು. ಹೊರಗೆ ಬಂದಾಗ ಅವನ ಮುಖ ಬೂದಿಯಾಗಿತ್ತು.

“ಕಿಟಕಿ ಪಕ್ಕ ಗವರ್ನರ್ ಇಲ್ಲ,” ಎಂದ. “ಎಲ್ಲಾ ಅದಲುಬದಲು ಮಾಡಿದಾರೆ.”

ನಿಶ್ಚಲವಾದ ನೀರಿನ ಮೇಲೆ ಹಾಡು ಎಷ್ಟು ದೂರ ಹೋಗುತ್ತದೆಂಬುದು ಹುಟ್ಟಿದಂದಿನಿಂದ ಗೊತ್ತಿದ್ದವರು ಅವರು. ಅದೇ ಅಂದು ನೆನಪಾಗಿರಲಿಲ್ಲ.

“ಹಾಡು ಕಟ್ಟಿದೋಳು ನಾನು,” ಎಂದಳು ತಾಬಿ. ಅವಳಿಗೆ ತಲೆ ಎತ್ತಲಾಗಲಿಲ್ಲ.

“ಗಂಟಲು ಹರ್ಕೊಂಡೋನು ನಾನು. ಬಿಡು.” ಮರಳುವ ದೋಣಿ ಅರ್ಧ ದಾರಿಗೆ ಬಂದಾಗ ಲೈಮಸ್ ಹುಟ್ಟು ಒಳಗೆಳೆದುಕೊಂಡ. ಆಮೇಲೆ ಹೇಳಿದ: “ನಂಗೆ ಓದೋದ್ ಕಲ್ಸು, ತಾಬಕ್ಕ. ಎಲ್ಲಾ ಬೇಡ, ಎಂಟೇ ಹೆಸರು. ಸಾಯೋದ್ರೊಳಗೆ ಒಂದ್ಸಲ ನನ್ ವೋಟು ಎಣ್ಸೋ ಹಾಗಾಗ್ಬೇಕು.”

ತಾಬಿಗೆ ಬರುತ್ತಿದ್ದದ್ದು ಉಗ್ರಾಣದಲ್ಲಿ ಒಂದು ಚಳಿಗಾಲ ಕಲಿತಷ್ಟೇ. ಪಾದ್ರಿಯಿಂದ ಎಂಟೂ ಹೆಸರು ಬರೆಸಿಕೊಂಡು ಬಂದಳು. ಮೂರು ಬೆರಳಿಗೆ ಬಳಪ ಈಗಲೂ ಮುರಿಯುತ್ತಿತ್ತು. ಅದಕ್ಕೆ ಬಳಪ ಬಿಟ್ಟಳು. ತಿಳಿಬಣ್ಣದ ಹುಲ್ಲಿನ ಬುಟ್ಟಿ ಸುತ್ತಿ, ತಳದಲ್ಲಿ ಪೈನ್ ಮರದ ಕಂದು ಸೂಜಿಯೆಲೆಯಿಂದ ಅಕ್ಷರ ಹೆಣೆದಳು. ಎಂಟು ಬುಟ್ಟಿ, ಎಂಟು ಹೆಸರು. ಒಂದಕ್ಷರ ಒಂದು ಎಳೆಯಷ್ಟು ಸೊಟ್ಟಗಾದರೂ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಲೈಮಸ್ ಅದರ ಮೇಲೆ ಬೆರಳಾಡಿಸಿ ಕಲಿತ. ಎರಡು ವರ್ಷ ಹಿಡಿಯಿತು.

ಅವನ ಹೆಂಡತಿ ಡೋರ್ಕಸ್ ಬುಟ್ಟಿಗಳನ್ನು ಖಾಲಿ ಬಿಡಲಿಲ್ಲ. “ಗವರ್ನರ್ ತುಂಬ ಅಲಸಂದೆ, ಕಾಂಗ್ರೆಸ್ ತುಂಬ ಸಿಗಡಿ,” ಎನ್ನುತ್ತಿದ್ದಳು. “ಆಳೋರು ನಮ್ ಕೆಲ್ಸಕ್ಕೆ ಬಂದಿದ್ದು ಇದೇ ಮೊದ್ಲು.”

ಮುಂದಿನ ಚುನಾವಣೆಗೆ ದೋಣಿಗಳು ಹಾಡಿಲ್ಲದೆ ಹೋದವು. ಹುಟ್ಟಿಗೆ ಹುಟ್ಟು ತಾಗಿ, ಎರಡರಷ್ಟು ಹೊತ್ತಾಯಿತು. ಲೈಮಸ್‌ಗೆ ಆಗಲೇ ಕೆಮ್ಮು ಹತ್ತಿತ್ತು. ತಾಬಿ ಹೊಸ್ತಿಲಾಚೆ ನಿಂತಳು. ಅಲ್ಲಿಂದ ಅವನ ಬೆನ್ನು ಕಾಣುತ್ತಿತ್ತು.

“ಯಾವ್ದೆಲ್ಲಿ ಅಂತ ಹೇಳ್ಬೇಕೇನೋ ಮುದುಕ?” ಎಂದ ಪೆಟ್ಟಿಗೆ ಕಾಯುವವನು.

“ಬೇಡಿ ಸ್ವಾಮಿ. ಎಲ್ರೂ ನಮ್ಮನೆ ಅಡುಗೆಮನೇಲೇ ಇದ್ದಾರೆ.”

ಲೈಮಸ್ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದ. ಹಿಂದೆ ನಿಂತವರು ಗೊಣಗಿದರೂ ಅವಸರ ಮಾಡಲಿಲ್ಲ. ಅವನ ಕೈಯಿಂದ ಪೆಟ್ಟಿಗೆಗೆ ಬಿದ್ದ ಚೀಟಿಗಳನ್ನು ತಾಬಿ ಎಣಿಸಿದಳು. ಎಂಟು. ಹೊರಗೆ ಬಂದವನು ಗೋಡೆ ಹಿಡಿದು ಕೆಮ್ಮಿದ, ನಕ್ಕ.

ಅವನು ವೋಟು ಹಾಕಿದವರಲ್ಲಿ ಹೆಚ್ಚಿನವರು ಸೋತರು. “ಸೋತೋರ ಎಣಿಕೇಲಿ ನಾನೂ ಒಬ್ಬ ಇದ್ದೀನಲ್ಲ,” ಎಂದ. ಅದನ್ನು ತಮಾಷೆಗೆ ಹೇಳಲಿಲ್ಲ.

ಫೆಬ್ರವರಿಯಲ್ಲಿ ಹಾಸಿಗೆ ಹಿಡಿದ. ತಾಬಿ ಕಡಲ ಸಿಂಪಿ ಬೇಯಿಸಿದ ಗಂಜಿ ಒಯ್ದಾಗ ಅವನ ಎದೆಯ ಮೇಲೆ ಗವರ್ನರ್ ಬುಟ್ಟಿ ಬೋರಲಾಗಿತ್ತು, ಮೂರು ಬೆರಳು ಮೊದಲಕ್ಷರದ ಬಾಗಿನಲ್ಲಿ ಮೆಲ್ಲಗೆ ಓಡಾಡುತ್ತಿದ್ದವು. ಎರಡು ಚಮಚ ಕುಡಿದ, ಮೂರನೆಯದಕ್ಕೆ ಕೈ ಅಡ್ಡ ಹಿಡಿದ. ಬುಟ್ಟಿಯನ್ನು ಅವಳತ್ತ ಚಾಚಿದ.

“ಹದಿನಾರು ವರ್ಷ ಆ ಬಾಗ್ಲಲ್ಲಿ ನಿಂತಿದ್ದೀಯಲ್ಲ ತಾಬಕ್ಕ. ನಿನ್ನ ಒಳಗೆ ಬಿಟ್ಟಿದ್ರೆ, ಇದಕ್ಕೆ ಯಾರ ಚೀಟಿ ಹಾಕ್ತಿದ್ದೆ?”