ಅನ್ನದ ಕೆಳಗಿನ ಚಿರತೆ

ಅಂದು ಸಂಜೆ ಐದೂ ಇಪ್ಪತ್ತಕ್ಕೆ ಆ ಚಿರತೆ ಕಬ್ಬಿನ ಗದ್ದೆಯಿಂದ ಹೊರಗೆ ಬಂತು. ಮೊನ್ನೆ ಮದ್ದೂರಿನಲ್ಲಿ ನಮ್ಮ ಪಕ್ಕದ ಮನೆಯವರು ಹಿತ್ತಲಲ್ಲಿ ಒಣಗಿದ ತೆಂಗಿನ ಗರಿ ಸುಟ್ಟರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಗಡಿಯಾರ ನೋಡಿದೆ. ಇಷ್ಟು ವರ್ಷಗಳಾದರೂ…

ಹೈಸ್ಕೂಲಿನಲ್ಲಿ ನಮಗೆ ಚಿತ್ರಕಲೆ ಕಲಿಸಿದ ಮಿಸ್, ನಿವೃತ್ತರಾದ ಮೇಲೆ ಕೆರಗೋಡಿನ ತಮ್ಮ ಮನೆಯ ಹಿಂದೆ ಸೌದೆ ಉರಿಸುವ ಗೂಡು ಕಟ್ಟಿಸಿ ಪಿಂಗಾಣಿ ತಟ್ಟೆ ಮಾಡುತ್ತಿದ್ದರು. ಒಂದೊಂದರ ತಳದಲ್ಲಿ ಒಂದೊಂದು ಪ್ರಾಣಿ: ಮುಂಗುಸಿ, ಕೊಕ್ಕರೆ, ಹಂದಿ, ನೀರಿಗೆ ಬಿದ್ದ ಎಮ್ಮೆ. ಅನ್ನ ಬಡಿಸಿದರೆ ಪ್ರಾಣಿ ಮುಚ್ಚಿಹೋಗುತ್ತಿತ್ತು. ಉಣ್ಣುತ್ತ ಉಣ್ಣುತ್ತ ಮೊದಲು ಒಂದು ಕಿವಿ, ಆಮೇಲೆ ಒಂದು ಕಣ್ಣು… ಪ್ರದರ್ಶನದಲ್ಲಿ ಕೊಂಡವರು ಅವನ್ನು ಗೋಡೆಗೆ ತೂಗುಹಾಕುತ್ತಾರೆಂದು ಮಿಸ್‌ಗೆ ಸಿಟ್ಟು. "ಗೋಡೆ ಉಣ್ತದಾ?" ಎನ್ನುವರು. ಹಾಲು ತಂದುಕೊಡುತ್ತಿದ್ದಾತ, "ಅಂದಿ ಬರ್ದಿರೋ ತಟ್ಟೇಲಿ ನಾವೆಂಗ್ ಉಣ್ಣದು ಮೇಡಮ್ಮಾರೆ?" ಎಂದು ಕೆಣಕಿದರೆ, "ನೀನ್ ಉಣ್ಣದ್ ನೋಡುದ್ರೆ ಅಂದಿಗೇ ನಾಚ್ಕೆ ಆಯ್ತದೆ, ಓಗ್ಲಾ" ಎಂದು ನಗುವರು.

ನಾನು ಆಗ ಮಳವಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಗೂಡು ಉರಿಸುವ ದಿನ ಸೌದೆ, ಗರಿ ಎತ್ತಿಕೊಡಲು ಮಿಸ್ ಮನೆಗೆ ಹೋಗುತ್ತಿದ್ದೆ. ಅಂದು ಬೆಳಗಿನಿಂದ ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿದು, ಆಳುಗಳು ಆಗಷ್ಟೇ ಹೋಗಿದ್ದರು. ಮೂರು ಕಡೆ ಗೋಡೆಯಿದ್ದ ಶೆಡ್ಡಿನಲ್ಲಿ ನಾವಿಬ್ಬರೂ ಗೂಡಿನ ಮುಂದೆ ಕೂತಿದ್ದೆವು. ತೆರೆದಿದ್ದ ಕಡೆ, ಹತ್ತು ಹೆಜ್ಜೆ ದೂರದಲ್ಲಿ, ಚಿರತೆ ನಿಂತಿತ್ತು.

ಏಳಹೊರಟ ನನ್ನನ್ನು ಮಿಸ್ ಸೆರಗು ಹಿಡಿದು ಕೂರಿಸಿದರು. "ಓಡ್ಬ್ಯಾಡ. ಗರಿ ಕೊಡು."

ಕೊಟ್ಟೆ. ಗೂಡಿನ ಬಾಯಿಗೆ ತುರುಕಿದರು. ಉರಿ ಭುಗ್ಗನೆ ಹೊರಗೆ ಚಾಚಿತು. ಚಿರತೆ ಹಲ್ಲು ತೋರಿಸಿತು, ಕದಲಲಿಲ್ಲ. "ಇನ್ನೊಂದು," ಎಂದರು. ದನಿ ಏರಲಿಲ್ಲ. ಎಷ್ಟು ಗರಿ ಕೊಟ್ಟೆನೋ… ಆ ಹಲ್ಲು ಕಂಡ ಮೇಲೆ ನಾನು ತಲೆ ತಗ್ಗಿಸಿದವಳು ಮತ್ತೆ ಅತ್ತ ನೋಡಲಿಲ್ಲ. ಮಿಸ್ ಮಾತ್ರ ಚಿರತೆಯನ್ನೇ ನೋಡುತ್ತಿದ್ದರು, ಬೋರ್ಡಿನ ಮೇಲೆ ಮೊದಲ ಗೆರೆ ಎಳೆಯುವ ಮುನ್ನ ನೋಡುತ್ತಿದ್ದ ಹಾಗೆ. ನಾನು ತಲೆಯೆತ್ತಿದಾಗ ಎದುರಿಗೆ ಏನೂ ಇರಲಿಲ್ಲ. ಮಿಸ್‌ರ ಮುಂಗೈ ರೋಮವೆಲ್ಲ ಸುಟ್ಟು ಕಮರಿತ್ತು.

"ಭಯ ಆಗ್ಲಿಲ್ವಾ ಮಿಸ್?"

"ಆಗ್ದೆ ಏನು? ಕೈಗೊಂದು ಕೆಲ್ಸ ಬೇಕಿತ್ತು ಕಣಮ್ಮ."

ತಿಂಗಳಾದ ಮೇಲೆ ಊಟಕ್ಕೆ ಕರೆದರು. ಮೊಸರನ್ನ ಮುಗಿಯುತ್ತ ಬಂದಂತೆ ತಟ್ಟೆಯ ತಳದಲ್ಲಿ ಕಪ್ಪು ಚುಕ್ಕೆಗಳು ಕಂಡವು. ನನ್ನ ಕೈ ನಿಂತಿತು. "ಉಣ್ಣು," ಎಂದರು. ಉಂಡೆ. ನಾನು ಕಂಡ ಹಲ್ಲು ಅಲ್ಲಿರಲಿಲ್ಲ. ಕಿವಿ ಹಿಂದಕ್ಕೆ ಮಡಚಿ, ಒಂದು ಮುಂಗಾಲು ಎತ್ತಿ, ಯಾವ ಕಡೆ ಹೋಗಲೆಂದು ತಿಳಿಯದೆ ನಿಂತ ಚಿರತೆ. ಹೊಟ್ಟೆಯ ಕೆಳಗೆ ಹಾಲು ತುಂಬಿ ಜೋತ ಮೊಲೆಗಳು.

"ಬಾಣಂತಿ ಕಣಮ್ಮ ಅದು. ಕಬ್ಬು ಕಡ್ದು ಅದರ ಮನೇನೇ ಕಿತ್ತಾಕವ್ರೆ. ನಮಗಿಂತ ಅದಕ್ಕೇ ದಿಗಿಲು."

ನಾನು ಸಾವು ಎಣಿಸುತ್ತ ಕೂತಿದ್ದಾಗ ಇವರು ಇದನ್ನೆಲ್ಲ ನೋಡಿದ್ದರು!

ಆದರೂ ಆ ಸಂಜೆಯಿಂದ ಕೆಟ್ಟಿದ್ದ ನನ್ನ ನಿದ್ದೆ ಮರಳಲಿಲ್ಲ. ಸರಿಹೊತ್ತಿನಲ್ಲಿ ಕನಸಿಗೆ ಚಿರತೆ ಬಂದು, ಬೆಚ್ಚಿ ಎದ್ದು ಅವರಿಗೆ ಫೋನು ಮಾಡುತ್ತಿದ್ದೆ. ಒಂದು ದಿನವೂ ಬೈಯಲಿಲ್ಲ. "ಬಂತಾ?" ಎನ್ನುವರು. "ಬಂತು ಮಿಸ್." "ಕಳ್ಸ್‌ಬುಟ್ಟು ಮಲ್ಕೊ." ಅಷ್ಟೇ.

ಮರುವರ್ಷ ಮಿಸ್ ತೀರಿಕೊಂಡರು. ಗೂಡಿದ್ದ ಜಾಗದಲ್ಲಿ ಈಗ ಬಾಳೆ ಎದ್ದಿದೆ. ಮೊನ್ನೆಯ ಹೊಗೆಯ ವಿಷಯ ಹೇಳಿಕೊಳ್ಳಲು ನನಗೆ ಯಾರೂ ಇಲ್ಲ. ಅವರನ್ನು ಮಣ್ಣು ಮಾಡಿ ಬಂದ ರಾತ್ರಿಯಾದರೂ ನಾನು ಎಚ್ಚರವಾಗಿರಬೇಕಿತ್ತು. ಆದರೆ ಅಂದೇ, ಅಷ್ಟು ದಿನಗಳಲ್ಲಿ ಮೊದಲ ಸಲ, ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗಿದ್ದೆ. ಎದ್ದರೂ ಆ ಕಡೆಯಿಂದ ಫೋನು ಎತ್ತುವವರಿಲ್ಲವೆಂದು ನಿದ್ದೆಗೂ ಗೊತ್ತಾಗಿತ್ತೋ ಏನೋ…