ಗಾಡಿ ಕೊಟ್ಟರೂ ಹಗ್ಗ ಕೊಡಲಿಲ್ಲ

ಆ ಗಾಡಿಯ ಬಣ್ಣ ನನ್ನ ನೆನಪಿನಲ್ಲಿ ಹಸಿರು. ತಮ್ಮ ನೀಲಿ ಅನ್ನುತ್ತಾನೆ. ಕಾಕಾನ ಹೆಂಡತಿ ಚಿಗವ್ವನನ್ನು ಕೇಳಿದರೆ, "ಒಳಗಿಂದು ನನಗ ಗೊತ್ತೈತಿ, ಹೊರಗಿಂದು ನಿಮ್ಮ ಕಾಕಾಗ ಕೇಳು" ಎನ್ನುತ್ತಾಳೆ. ಹೀಗಾಗಿ ಬಣ್ಣ ಬಿಟ್ಟು, ಖಾತ್ರಿ ಇರುವುದನ್ನಷ್ಟೇ ಬರೆಯಲು ನೋಡುತ್ತೇನೆ.

ತೊಂಬತ್ತರ ದಶಕದಲ್ಲಿ ಕಾಕಾ, ಅಂದರೆ ಅಪ್ಪನ ತಮ್ಮ, ಹೊಲದ ಪಂಪ್‌ಸೆಟ್ಟುಗಳ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ. ಬೇಸಿಗೆ ಬಂತೆಂದರೆ ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಲ್ಲೇ ಠಿಕಾಣಿ. ಮಂದಿಯ ಪಡಸಾಲೆಯಲ್ಲಿ ಮಲಗಿ ಬೇಸತ್ತು, ಕಿತ್ತೂರಿನ ಹತ್ತಿರ ರಸ್ತೆ ಬದಿ ತುಕ್ಕು ಹಿಡಿದು ನಿಂತಿದ್ದ ಹಳೆಯ ವ್ಯಾನೊಂದನ್ನು ತಂದ. ಸೀಟು ಕಿತ್ತು ಹಾಕಿ ಮಡಚುವ ಮಂಚ ಕೂಡಿಸಿದ. ಕಿಟಕಿಯ ಕೆಳಗೆ ಅಡುಗೆಗೆ ಒಂದು ಹಲಗೆ, ಅದರ ಮೇಲೆ ಸೀಮೆಎಣ್ಣೆಯ ಸ್ಟೋ, ಮೂಲೆಯಲ್ಲಿ ನೀರಿನ ಡ್ರಮ್ಮು. ಹೊರಗಿನ ಊಟ ಅವನಿಗೆ ಒಗ್ಗದು ಎಂದು ಚಿಗವ್ವನೂ ಜೊತೆಗೆ ಹೊರಟಳು.

ಬೈಲಹೊಂಗಲದ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಒಲೆ, ಅದು ಆಯಿಯದು. ಅಪ್ಪನ ತಾಯಿ. ಸಾರಿಗೆ ಉಪ್ಪು ಹಾಕಬೇಕಾದರೂ ಸೊಸೆಯಂದಿರು ಅವಳ ಮುಖ ನೋಡಬೇಕು. ಆಯಿಗೆ ಶುಂಠಿ ಆಗದು, ಆದ್ದರಿಂದ ಮನೆಯ ಯಾರ ಚಹಾದಲ್ಲೂ ಶುಂಠಿ ಇಲ್ಲ. ಒಂದು ರಜೆಯಲ್ಲಿ ನಾನು ಹೂಲಿ ಹಳ್ಳಿಯ ಹೊಲವೊಂದರ ಬದುವಿನಲ್ಲಿ ಅವರ ಜೊತೆ ಗಾಡಿಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಎದ್ದಾಗ ಚಿಗವ್ವ ಶುಂಠಿ ಜಜ್ಜುತ್ತಿದ್ದಳು, ಬೇಕಾದ್ದಕ್ಕಿಂತ ಜೋರಾಗಿ.

ಆಮೇಲೆ ಕಾಕಾ ಪೇಟೆಯಲ್ಲಿ ಅಂಗಡಿ ಹಾಕಿದ. ಮೋಟಾರುಗಳೇ ಅವನ ಬಳಿ ಬರತೊಡಗಿದವು. ಗಾಡಿ ನಮ್ಮ ಹಿತ್ತಲಿನ ಬೇವಿನ ಗಿಡದ ಕೆಳಗೆ ನಿಂತಿತು. ಇನ್ನು ಮಾರೋಣ ಎಂದ. ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ, ಪರೀಕ್ಷೆಯ ತಯಾರಿಗೆಂದು ಊರಿಗೆ ಬಂದಿದ್ದೆ. ಓದಲು ಹಿತ್ತಲ ಬಾಗಿಲಲ್ಲಿ ಕೂತರೆ ಚಿಗವ್ವ ಒಂದೆಡೆ ನಿಲ್ಲುತ್ತಿರಲಿಲ್ಲ. ಗಾಡಿ ಹತ್ತುವಳು, ಒರೆಸಿದ ಹಲಗೆಯನ್ನೇ ಒರೆಸುವಳು, ಇಳಿಯುವಳು, ಒಳಗೆ ಹೋಗಿ ಮತ್ತೆ ಬರುವಳು. ನನಗೂ ಒಂದು ಪುಟ ಮುಂದೆ ಹೋಗುತ್ತಿರಲಿಲ್ಲ.

"ಇದ ಹೋದ್ರ ನಾ ಎಲ್ಲೆ ಕುಂದರ್ಲಿ?" ಎಂದು ಒಮ್ಮೆ ಕೇಳಿದಳು. ಮನೆ ತುಂಬ ಕೂರಲು ಜಾಗವಿತ್ತು. ಅವಳೇ ಒಂದು ಉಪಾಯ ಹೂಡಿದಳು. ಕೊಳ್ಳುವವನು ಬಂದರೆ ಗಾಡಿಯ ಕೊರತೆಗಳನ್ನೆಲ್ಲ ಹೇಳಿಬಿಡುವುದು, ಅವನು ಬಂದ ಬಸ್ಸಿಗೇ ವಾಪಸಾಗುತ್ತಾನೆ.

ಬಂದವನು ರಾಮದುರ್ಗದ ಬಡಿಗ್ಯಾ, ಸಾಬರವನು. ಕಟ್ಟುತ್ತಿರುವ ಮನೆಗಳಿಗೆ ಅಲ್ಲಲ್ಲೇ ಉಳಿದು ಬಾಗಿಲು ಚೌಕಟ್ಟು ಮಾಡಿಕೊಡುವವನು. ಕಾಕಾ ಅವನನ್ನು ಮಿಸ್ತ್ರಿ ಎಂದು ಕರೆದ. ಮಿಸ್ತ್ರಿ ಚಹಾ ಕುಡಿಯುವ ಮೊದಲೇ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿಕೊಂಡ. ಕಾಕಾ ಎಂಜಿನ್ನಿನ ಗುಣಗಾನ ಶುರು ಮಾಡಿದಾಗ ಕೆಳಗಿನಿಂದಲೇ ಮಾತು ಬಂತು: "ಎಂಜಿನ್ ತನ್ನದ ತಾನ ಹೇಳ್ಕೊಂತೈತ್ರಿ. ಒಳಗ ಯಾರ ಇರ್ತಿದ್ರು, ಅವರನ್ನ ಕರೀರಿ."

ಕರೆಯುವುದರೊಳಗೆ ಚಿಗವ್ವ ಬಂದಳು. ಮಳೆ ಬಂದರೆ ಮಂಚದ ತಲೆಯ ಕಡೆ ಸೋರುತ್ತದೆ ಎಂದಳು. ಡ್ರಮ್ಮಿನ ಕೆಳಗಿನ ತಗಡು ತುಕ್ಕು ತಿಂದು ಹೋಗಿದೆ, ಕಿಟಕಿ ಹಾಕಿದರೆ ತೆಗೆಯಲು ಬಾರದು. ಮಂಚ ಮಡಚುವ ಕಡೆಯ ಬಿಜಾಗರಿ ಕೈಕೊಡುತ್ತದೆ ಎಂದು, ಅದಕ್ಕೆ ಸಿಕ್ಕು ಜಜ್ಜಿದ ಹೆಬ್ಬೆರಳನ್ನೇ ತೋರಿಸಿದಳು. ಕಾಕಾನಿಗೆ ಕೆಮ್ಮು ಹತ್ತಿತು. ಚಿಗವ್ವ ನನ್ನ ಕಡೆ ನೋಡಿದಳು, ಆಟ ಗೆದ್ದವಳ ಹಾಗೆ.

ಆದರೆ ಮಿಸ್ತ್ರಿಯ ಮುಖ ಒಂದೊಂದು ಕೊರತೆಗೂ ಅರಳುತ್ತಿತ್ತು. ಸೋರುವಲ್ಲಿ ಬೆರಳಿನಿಂದ ಕುಟ್ಟಿ ನೋಡಿದ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಗಡಿನ ಮೇಲೆ ಗೆರೆ ಎಳೆದ, ಇಲ್ಲೊಂದು ಕಪಾಟು ಕೂಡುತ್ತದೆ ಎಂದ. ಇನ್ನೂ ತನ್ನದಾಗದ ಗಾಡಿಯ ಬಿಜಾಗರಿ ಬಿಚ್ಚಲು ಚೀಲದಿಂದ ಸ್ಕ್ರೂಡ್ರೈವರ್ ತೆಗೆದಾಗ ಚಿಗವ್ವನಿಗೆ ತಡೆಯಲಾಗಲಿಲ್ಲ.

"ಗಾಡಿ ಕೆಟ್ಟೈತಿ ಅಂತ ಹೇಳಾಕತ್ತೇನ್ರಿ. ನೀವು ನಗತೀರಲ್ಲ?"

"ವೈನಿ, ಮುಚ್ಚಿಟ್ಟು ಮಾರೋರನ್ನ ಭಾಳ ನೋಡೇನ್ರಿ. ಹಿಂಗ ತೋರ್ಸಿ ಮಾರೋರು ನೀವ ಮೊದಲು. ಇದನ್ನ ನಾ ಬಿಡೂದಿಲ್ಲ."

ಅವತ್ತೇ ಮಾರಾಟದ ಮಾತು ಮುಗಿಯಿತು. ಚಿಗವ್ವ ಒಳಗೆ ಹೋಗಿ ಪಾತ್ರೆ ತಿಕ್ಕಿದ ಸಪ್ಪಳ ಈಗಲೂ ಕೇಳಿದಂತಾಗುತ್ತದೆ. ಅದನ್ನು ನಾನು ಆಮೇಲೆ ಕಲ್ಪಿಸಿಕೊಂಡಿರಲೂಬಹುದು.

ಗಾಡಿ ಒಯ್ಯಲು ಮಿಸ್ತ್ರಿ ಬಂದ ದಿನ ಆಯಿ ತೆಂಗಿನಕಾಯಿ ಹಿಡಿದು ಹಿತ್ತಲಿಗೆ ಬಂದಳು. ನಮ್ಮಲ್ಲಿ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ. ನಮ್ಮ ಹಗ್ಗ ಬಿಚ್ಚಿಕೊಳ್ಳುತ್ತೇವೆ, ಕೊಂಡವನು ತನ್ನದನ್ನು ಕಟ್ಟಿ ಒಯ್ಯುತ್ತಾನೆ. ಹಗ್ಗದ ಜೊತೆ ಮನೆಯ ಭಾಗ್ಯ ಹೋಗಬಾರದು ಎಂಬುದು ಆಯಿಯ ನಂಬಿಕೆ. ಗಾಡಿಗೂ ಅದೇ ಕಾಯಿದೆ, ನಮ್ಮದೆಂದು ಏನಾದರೂ ಒಂದು ಇಳಿಸಿಕೊಳ್ಳಿ ಎಂದಳು. ಕಾಕಾ ನಗುತ್ತ ಮುಂದೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಗೆ ಕೈ ಹಾಕಿದ.

ಅಷ್ಟರಲ್ಲಿ ಚಿಗವ್ವ ಗಾಡಿ ಹತ್ತಿ ಇಳಿದಿದ್ದಳು. ಸ್ಟೋ ಹೊಟ್ಟೆಗೆ ಅವಚಿಕೊಂಡಿದ್ದಳು. ಸೀರೆಗೆ ಎಣ್ಣೆ ಚೆಲ್ಲಿತ್ತು.

"ಇದ ಹಗ್ಗರಿ, ಅತ್ತಿ."

ಕೂಡಿದ ಮನೆಯಲ್ಲಿ ಎರಡನೆಯ ಒಲೆ ಕಂಡರೆ, ಪಾಲು ಯಾವಾಗ ಎಂದು ಓಣಿಯವರು ಕೇಳುತ್ತಾರೆ. ಆಯಿ ಸ್ಟೋವನ್ನೇ ನೋಡಿದಳು. ಕಾಯಿದೆ ಹೇಳಿದವಳು ಅವಳೇ. ಬರಿದಾದ ಹಲಗೆಯ ಮೇಲೆ ಕೈಯಾಡಿಸುತ್ತಿದ್ದ ಮಿಸ್ತ್ರಿ, ತನ್ನ ಹತ್ತಿರ ಬೇರೆ ಸ್ಟೋ ಇದೆ, ಹಗ್ಗ ತರುವುದು ಕೊಂಡವನ ಕೆಲಸವೇ ಅಲ್ಲವೇ ಎಂದ.

"ಹಿತ್ತಲದಾಗ ಇಡು," ಎಂದಳು ಆಯಿ ಕೊನೆಗೆ. "ಒಳಗ ಬ್ಯಾಡ." ಆಮೇಲೆ ಕಾಯಿ ಒಡೆದಳು.

ಮುಂದಿನದು ಮರುದಿನವೋ, ವಾರದ ಮೇಲೋ, ಹಲವು ಬೆಳಗುಗಳು ಒಂದಾಗಿವೆಯೋ ಹೇಳಲಾರೆ. ಗಾಡಿ ನಿಂತಿದ್ದ ಜಾಗದ ಎಣ್ಣೆ ಕಲೆಯ ಮೇಲೆ ಸ್ಟೋ ಇಟ್ಟು ಚಿಗವ್ವ ಪಂಪು ಹೊಡೆಯುತ್ತಿದ್ದಳು. ಆಗಲೂ ನೆಟ್ಟಗೆ ಕೂರಲಿಲ್ಲ. ಏಳುವಳು, ರಸ್ತೆ ನೋಡುವಳು, ಮತ್ತೆ ಕೂರುವಳು. ಒಳಗಿನಿಂದ ಆಯಿ, ಗೊತ್ತಿದ್ದೂ, ಯಾರದು ಶುಂಠಿ ಜಜ್ಜುವುದು ಎಂದು ಕೂಗಿ ಕೇಳಿದಳು. ಚಿಗವ್ವ ಇನ್ನೊಂದು ತುಂಡು ಜಜ್ಜಿ, ನನಗೂ ಒಂದು ಬಸಿಯಲ್ಲಿ ಚಹಾ ಸುರುವಿ ಕೊಟ್ಟಳು. ಗಂಟಲು ಉರಿಯುವಷ್ಟು ಖಾರವಿತ್ತು. ಅದು ಖಾತ್ರಿ.