ಟೆಸ್ಟ್ ಕಾರಿಗೆ ಚೆಂಡುಹೂವಿನ ಹಾರ

ರಸ್ತೆ ರಿಪೇರಿ ನಡೆಯೋ ಕಡೆ ಕಿತ್ತಳೆ ಬಣ್ಣದ ಕೋನ್ ಕಂಡ ಕೂಡಲೇ ಕಾರೇ ಡ್ರೈವರ್‌ಗೆ "ನಿಧಾನ" ಅನ್ನಬೇಕು. ನಮ್ಮ ಕಂಪನಿ ಮತ್ತು ರಾಜ್ಯದ ರಸ್ತೆ ಇಲಾಖೆ ಸೇರಿ ಮಾಡುತ್ತಿರುವ ಕೆಲಸ ಇದು. ಟೆಸ್ಟ್ ಕಾರನ್ನು ಹಿಂದಿನ ದಿನವೇ ಲಿವೋನಿಯಾದ ಮನೆಗೆ ತಂದಿದ್ದೆ. ಬೆಳಗಾದರೆ ಆಯುಧಪೂಜೆ. ಬೇಸಿಗೆಗೇ ಮೈಸೂರಿಂದ ವಿಮಾನ ಹತ್ತಿ ಬಂದಿದ್ದ ನಮ್ಮತ್ತೆ ಬಿಡ್ತಾರೆಯೇ? ನಮ್ಮ ಹಿತ್ತಲಲ್ಲಿ ತಾವೇ ಬೆಳೆದ ಚೆಂಡುಹೂವಿನ ಹಾರವನ್ನು ವೈಪರ್‌ಗೆ ಕಟ್ಟಿ, "ಸಂಜೆವರೆಗೂ ತೆಗೀಬೇಡಿ" ಅಂದರು.

ನಮ್ಮ ಬೀದಿ ದಾಟುವ ಮೊದಲೇ ಕಾರು ಶುರು ಮಾಡಿತು: "ಮುಂದೆ ಕಾಮಗಾರಿ, ನಿಧಾನ." ಟೆಸ್ಟ್ ನಡೆಯಬೇಕಿದ್ದ ಡಿಯರ್‌ಬಾರ್ನ್‌ವರೆಗೂ ಅದೇ ರಾಗ. ಹಾರ ಗಾಳಿಗೆ, ಕೋನ್ ಗುರುತಿಸುವ ಕ್ಯಾಮೆರಾ ಮುಂದೆ ತೂಗಾಡುತ್ತಿತ್ತು. ಕಿತ್ತಳೆ ಕಂಡರೆ ಎಚ್ಚರಿಸು ಅಂತ ಅದಕ್ಕೆ ಕಲಿಸಿದವನೇ ನಾನು. ಇನ್ನು ಬೈಯೋದು ಯಾರನ್ನ?

ಕಾಮಗಾರಿ ಜಾಗದಲ್ಲಿ ಇಲಾಖೆಯ ಡೆಬ್ರಾ ಕಾಯುತ್ತಿದ್ದರು. ಕಾರಿನ ಕೂಗು ಕೇಳಿ ಹುಬ್ಬೇರಿಸಿದರು. ಇವತ್ತಿನ ಟೆಸ್ಟ್ ಕೆಟ್ಟಿತು ಅಂದುಕೊಂಡೇ ಪೂಜೆಯ ಕಥೆ ಹೇಳಿದೆ. ಆಕೆ ನಕ್ಕುಬಿಟ್ಟರು.

"ನಿಧಾನವಾಗಿ ಹೋಗೋ ಕಾರಿನ ಮೇಲೆ ನನ್ನದೇನೂ ಕಂಪ್ಲೇಂಟಿಲ್ಲ. ಆದರೆ ಟೆಸ್ಟ್ ಆಗಬೇಕಾದರೆ ಹಾರ ತೆಗೀಬೇಕಲ್ಲ?"

"ತೆಗೆದರೆ ಅತ್ತೆ ಬೇಜಾರು ಮಾಡ್ಕೋತಾರೆ."

"ಹಾಗಾದರೆ ಇಲ್ಲಿ ಕಾಮಗಾರಿಗೆ ನಿಂತಿರೋ ನಮ್ಮ ಟ್ರಕ್ಕಿಗೆ ಕಟ್ಟಿ. ಹೋದ ವರ್ಷ ಕಾರೊಂದು ಬಂದು ಗುದ್ದಿದ್ದು ಅದಕ್ಕೇ. ಪೂಜೆ ಬೇಕಾಗಿರೋದೂ ಅದಕ್ಕೇ."

ಕಟ್ಟಿದೆ. ಮಧ್ಯಾಹ್ನ ನಮ್ಮ ಕಾರು ಆ ಟ್ರಕ್ಕನ್ನು ಎಂದಿಗಿಂತ ದೂರದಿಂದಲೇ ಗುರುತು ಹಿಡಿಯಿತು.

ಸಂಜೆ ಅತ್ತೆಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಇಲ್ಲ. "ಒಟ್ಟು ಎಷ್ಟು ಟ್ರಕ್ಕಿದೆ ಅಂತ ಆ ಡೆಬ್ರಾನ ಕೇಳಿ. ಮುಂದಿನ ವರ್ಷ ಅಷ್ಟು ಗಿಡ ಹಾಕ್ತೀನಿ."